ಸೈಕಲ್ಲಿನ ಮುಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ಹತ್ತಾಕತ್ತೈತಿ: ಗಾಳಿ ಹೊಕ್ಕೈತೋ, ಎಣ್ಣಿ ಕೆಟ್ಟೈತೋ?

ಟಿಳಕವಾಡಿ ಸವಾರ · ಭಾನುವಾರ, ಮಧ್ಯಾಹ್ನ 1:20

ಎಲ್ಲಾರಿಗೂ ನಮಸ್ಕಾರ್ರಿ. ಇವತ್ತ ನಸುಕಿನ್ಯಾಗ ಬೆಳಗಾವಿ ಹತ್ರದ ಯಳ್ಳೂರಿನ ರಾಜಹಂಸಗಡಕ್ಕ ಹೋಗಿದ್ದೆ. ಹತ್ತೂವಾಗ ಏನೂ ಗೊತ್ತಾಗಲಿಲ್ಲ. ಮ್ಯಾಲ ಸಿದ್ಧೇಶ್ವರ ಗುಡಿ ಮುಂದ ಕುಂತು ನೀರು ಕುಡದು ಇಳ್ಯಾಕ ಶುರು ಮಾಡಿದೆ. ಎರಡನೇ ತಿರುವಿನ್ಯಾಗ ಮುಂದಿನ ಬ್ರೇಕ್ ಹಿಡದ್ರ ಲಿವರ್ ಸೀದಾ ಹ್ಯಾಂಡಲ್‌ಗೆ ಹೋಗಿ ಹತ್ತಿತು. ಹಿಂದಿನದು ಒಂದಿಷ್ಟು ಹಿಡೀತು, ಅದೂ ಸ್ಪಂಜು ಅಮುಕಿದಂಗ. ರಸ್ತೆ ಬದಿ ಹುಲ್ಲಿನ್ಯಾಗ ನುಗ್ಗಿಸಿ ನಿಲ್ಲಿಸಿದೆ. ಅಲ್ಲಿಂದ ಯಳ್ಳೂರ ಮಟ ನಡಕೊಂತ ಬಂದೆ.

ಸೈಕಲ್ಲು ಹಾರ್ಡ್‌ಟೇಲ್ ಎಂಟಿಬಿ, ಅಂದ್ರ ಮುಂದ ಮಾತ್ರ ಸಸ್ಪೆನ್ಷನ್ ಇರೋ ಗುಡ್ಡದ ಸೈಕಲ್. ಎರಡೂ ಕಡೆ ಶಿಮಾನೊ ಎಂಟಿ200 ಹೈಡ್ರಾಲಿಕ್, ಅಂದ್ರ ಎಣ್ಣಿ ಒತ್ತಡದ ಬ್ರೇಕ್. ರೋಟರ್ (ಪ್ಯಾಡ್ ಕಚ್ಚೋ ಉಕ್ಕಿನ ತಟ್ಟಿ) 160 ಮಿ.ಮೀ. ತಗೊಂಡು ಮೂರು ವರ್ಷ ಆತು, ಒಮ್ಮೆನೂ ಬ್ಲೀಡ್ (ಒಳಗಿನ ಗಾಳಿ ತಗದು ಎಣ್ಣಿ ತುಂಬೋದು) ಮಾಡಿಸಿಲ್ಲ. ಎಣ್ಣಿ ತುಂಬಿದ್ರ ಸಾಕೋ, ಪೂರ್ತಿ ಬ್ಲೀಡ್ ಆಗಬೇಕೋ? ಮನ್ಯಾಗ ನಾನೇ ಮಾಡಾಕ ಆಗತೈತೇನ್ರಿ?

ಗುಮ್ಮಟದೂರು · ಭಾನುವಾರ, ಮಧ್ಯಾಹ್ನ 1:52

ಲಿವರ್ ಮ್ಯಾಲ ಒಂದು ಸಣ್ಣ ಸ್ಕ್ರೂ ಇರತೈತಲ್ರಿ, ಅದನ್ನ ತಿರುವಿ ಲಿವರ್ ಮುಂದಕ್ಕ ತಂದು ನೋಡ್ರಿ. ನಂದು ಹಂಗ ಸರಿ ಆಗಿತ್ತು.

ಹಳೇ ಪಾನಾ · ಭಾನುವಾರ, ಮಧ್ಯಾಹ್ನ 2:15

ಆ ಸ್ಕ್ರೂ ಬರೇ ಬೆರಳಿಗೆ ಲಿವರ್ ಎಷ್ಟು ದೂರ ಇರಬೇಕು ಅನ್ನೋದಕ್ಕ ಐತ್ರಿ. ಒಳಗ ಗಾಳಿ ಇದ್ರ ಅದನ್ನ ತಿರುವಿದ್ರೂ ಗಾಳಿ ಹೊರಗ ಬರಂಗಿಲ್ಲ. ಲಿವರ್ ದೂರ ಹೋಗಿದ್ದಕ್ಕ ಚೊಲೋ ಆದಂಗ ಅನಸತೈತಿ ಅಷ್ಟ. ಇಳಿಜಾರಿನ್ಯಾಗ ಮತ್ತ ಅದ ಕಥಿ. ಗುಮ್ಮಟದೂರಿನ ಅಣ್ಣಾರ, ನಿಮ್ಮ ಬ್ರೇಕೂ ಒಮ್ಮೆ ನೋಡಿಸ್ರಿ.

ಸವಾರ್ರ, ನೀವು ನಡಕೊಂತ ಬಂದದ್ದು ಬರೋಬ್ಬರಿ ಆತು. ಆ ಸೈಕಲ್ ಈಗ ಓಡಸಬ್ಯಾಡ್ರಿ, ಪ್ಯಾಟಿ ಮಟ ಅಂದ್ರೂ ಬ್ಯಾಡ.

ಬಿಚ್ಚೋಕಿಂತ ಮೊದಲ ನಾಕು ಮಾತಿಗೆ ಉತ್ತರಾ ಹೇಳ್ರಿ. ಲಿವರ್ ಲಗೂ ಲಗೂ ನಾಕೈದು ಸಲ ಒತ್ತಿದ್ರ ಗಟ್ಟಿ ಆಗತೈತೋ, ಆಗಂಗಿಲ್ಲೋ? ಬಿಟ್ಟ ಮ್ಯಾಲ ಲಿವರ್ ಟಕ್ ಅಂತ ವಾಪಸ್ ಬರತೈತೋ, ಸಾವಕಾಶ ಬರತೈತೋ? ಲಿವರ್ ಬುಡ, ಪೈಪು ಕೂಡೋ ಜಾಗಾ, ಕ್ಯಾಲಿಪರ್ (ಗಾಲಿ ಹತ್ರ ಪ್ಯಾಡ್ ಒತ್ತೋ ಭಾಗ) ಸುತ್ತ ಬಿಳಿ ಟಿಶ್ಯೂ ಒತ್ತಿ ನೋಡ್ರಿ, ಎಣ್ಣಿ ಹತ್ತತೈತೇನು? ಮತ್ತ ಕಡೀಕ, ಈ ಬ್ರೇಕಿಗೆ ಯಾರರ ಕೈ ಹಚ್ಯಾರೇನು, ಯಾವಾಗ?

ಟಿಳಕವಾಡಿ ಸವಾರ · ಭಾನುವಾರ, ಸಂಜೆ 6:05

ನೋಡಿ ಬರ್ಯಾಕತ್ತೀನ್ರಿ.

ಹಿಂದಿನ ಬ್ರೇಕ್: ನಾಕೈದು ಸಲ ಒತ್ತಿದ್ರ ಗಟ್ಟಿ ಆಗತೈತಿ, ಒಂದು ನಿಮಿಷ ಬಿಟ್ಟು ಹಿಡದ್ರ ಮತ್ತ ಮೆತ್ತಗ. ಟಿಶ್ಯೂಕ್ಕ ಏನೂ ಹತ್ತಲಿಲ್ಲ.

ಮುಂದಿನ ಬ್ರೇಕ್: ಎಷ್ಟು ಒತ್ತಿದ್ರೂ ಗಟ್ಟಿ ಆಗವಲ್ದು. ಬಿಟ್ರ ಲಿವರ್ ನಿದ್ದಿಗಣ್ಣಿನ್ಯಾಗ ಎದ್ದಂಗ ಸಾವಕಾಶ ಬರತೈತಿ, ಅರ್ಧಕ್ಕ ನಿಂದ್ರತೈತಿ. ಲಿವರಿನ ಬುಡದಾಗ ಒಂಚೂರು ಪಸಿ ಐತಿ.

ಕೈ ಹಚ್ಚಿದ್ದು ಅಂದ್ರ: ಹೋದ ತಿಂಗಳ ದಾಂಡೇಲಿಗೆ ಬಸ್ಸಿನ ಡಿಕ್ಕಿಯೊಳಗ ಎರಡೂ ಗಾಲಿ ತಗದು, ಸೈಕಲ್ ತಲಿಕೆಳಗ ಇಟ್ಟು ಒಯ್ದಿದ್ದೆ. ದಾರ್ಯಾಗ ಏನೋ ಸಾಮಾನು ಮುಂದಿನ ಲಿವರಿಗೆ ಒತ್ತಿರಬೇಕು, ಇಳಿಸಿದಾಗ ಮುಂದಿನ ಪ್ಯಾಡು ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದುವು. ಅಲ್ಲೆ ಒಂದು ಮೋಟರ್‌ಸೈಕಲ್ ಗ್ಯಾರೇಜಿನವ್ರು ಸ್ಕ್ರೂಡ್ರೈವರ್ ಹಾಕಿ ಬಿಡಿಸಿ, ಎಣ್ಣಿ ಕಡಿಮಿ ಐತಿ ಅಂತ ಲಿವರ್ ಕಡೆಯಿಂದ ಒಂದಿಷ್ಟು ತುಂಬಿಕೊಟ್ರು. ರೊಕ್ಕಾನೂ ಇಸ್ಕೊಳ್ಳಲಿಲ್ಲ. ತಿಳಿ ಹಳದಿ ಎಣ್ಣಿ. ಬಾಟಲಿ ಮ್ಯಾಲ ಡಾಟ್ 4 ಅಂತ ಇತ್ತು.

ಹಳೇ ಪಾನಾ · ಭಾನುವಾರ, ಸಂಜೆ 6:31

ಸಿಕ್ತು ನೋಡ್ರಿ ಬ್ಯಾನಿ.

ಶಿಮಾನೊದಾಗ ಮಿನರಲ್ ಆಯಿಲ್ ಇರತೈತಿ. ಬಣ್ಣ ಗುಲಾಬಿ ಕೆಂಪು. ಡಾಟ್ 4 ಅನ್ನೋದು ಮೋಟರ್‌ಸೈಕಲ್, ಕಾರಿನ ಎಣ್ಣಿ. ಹೆಸರಿಗೆ ಎರಡೂ ಬ್ರೇಕ್ ಆಯಿಲ್ಲು, ಖರೇ ಅಂದ್ರ ಒಂದಕ್ಕೊಂದು ಸಂಬಂಧ ಇಲ್ಲ. ಗ್ಯಾರೇಜಿನವ್ರದು ಕೆಟ್ಟ ಬುದ್ಧಿ ಅಲ್ಲ. ಅವ್ರ ಕೈಯಾಗ ದಿನಾ ಬರೋ ಗಾಡಿಗೆಲ್ಲಾ ಡಾಟ್ 3, ಡಾಟ್ 4 ನಡೀತೈತಿ. ನಮ್ಮೂರಾಗೂ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಬ್ರೇಕ್ ಆಯಿಲ್ ಕೊಡ್ರಿ ಅಂದ್ರ ಅದನ್ನ ಕೊಡ್ತಾರ.

ಖಾತ್ರಿ ಮಾಡ್ಕೋಬೇಕು ಅಂದ್ರ ಒಂದು ಕೆಲಸ ಮಾಡ್ರಿ. ಮುಂದಿನ ಲಿವರಿನ ಬ್ಲೀಡ್ ಸ್ಕ್ರೂ ಬಿಚ್ಚಿ ಸಿರಿಂಜಿನ್ಯಾಗ ಒಂಚೂರು ಎಣ್ಣಿ ಎಳಕೊಂಡು ಗಾಜಿನ ಲೋಟದ ನೀರಿನ್ಯಾಗ ಹನಿಸ್ರಿ. ಮಿನರಲ್ ಆಯಿಲ್ ಆದ್ರ ಅಡಿಗಿ ಎಣ್ಣಿಯಂಗ ಮ್ಯಾಲ ತೇಲತೈತಿ. ಡಾಟ್ ಆದ್ರ ನೀರಿನ್ಯಾಗ ಕರಗಿ ಕಾಣದಂಗ ಆಗತೈತಿ. ಆ ಎಣ್ಣಿ ಫ್ರೇಮಿಗೆ ಹತ್ತಿಸಬ್ಯಾಡ್ರಿ, ಬಣ್ಣ ತಿಂತೈತಿ. ಹತ್ತಿದ್ರ ಕೂಡಲೇ ನೀರು ಹಾಕಿ ತೊಳೀರಿ. ಕೈಗೂ ಗ್ಲೌಸ್ ಇರಲಿ.

ಟಿಳಕವಾಡಿ ಸವಾರ · ಭಾನುವಾರ, ರಾತ್ರಿ 8:48

ಮಾಡಿದೆ. ಲೋಟದಾಗ ಮ್ಯಾಲ ಕೆಂಪನ್ನ ಗುಂಡು ಗುಂಡು ತೇಲಾಕತ್ತಾವು, ಉಳದದ್ದು ನೀರಿನ್ಯಾಗ ಕರಗಿ ಹೋತು. ಎರಡೂ ಅದಾವು ಅಂದಂಗ ಆತು. ಸ್ಕ್ರೂನ ಸಣ್ಣ ರಬ್ಬರ್ ರಿಂಗ್ ಉಬ್ಬಿ ತನ್ನ ಸಂದಿಯಾಗ ಕೂಡವಲ್ದು.

ಹಳೇ ಎಣ್ಣಿ ಎಲ್ಲಾ ತಗದು, ತೊಳದು, ಹೊಸಾ ಮಿನರಲ್ ಆಯಿಲ್ ಹಾಕಿದ್ರ ಉಳಿತೈತೇನ್ರಿ?

ಬಾದಾಮಿ ಕಲ್ಲುದಾರಿ · ಭಾನುವಾರ, ರಾತ್ರಿ 9:30

ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವಳು, ರಜೆಯಲ್ಲಿ ಬಾದಾಮಿಯ ಮರಳುಗಲ್ಲಿನ ದಾರಿಗಳಲ್ಲಿ ಸೈಕಲ್ ತುಳಿಯುವವಳು. ನಿಮ್ಮ ಪ್ರಶ್ನೆಗೆ ಉತ್ತರ: ಉಳಿಯುವುದಿಲ್ಲ. ಯಾಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ತಪ್ಪು ಪದೇ ಪದೇ ಆಗುತ್ತದೆ.

ಎಣ್ಣೆಯನ್ನು ಒಳಗೆ ಹಿಡಿದಿಡುವುದು ರಬ್ಬರ್ ಸೀಲು. ಮಿನರಲ್ ಆಯಿಲ್ ಬ್ರೇಕುಗಳಲ್ಲಿ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್ ಇರುತ್ತದೆ, ಡಾಟ್ ಬ್ರೇಕುಗಳಲ್ಲಿ ಇಪಿಡಿಎಂ ರಬ್ಬರ್. ಡಾಟ್ 3, 4, 5.1 ಇವೆಲ್ಲ ಗ್ಲೈಕಾಲ್ ಈಥರ್ ಮೂಲದವು, ನೈಟ್ರೈಲನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ತಿರುಗಾ ಮುರುಗಾ ಆದರೂ ಅಷ್ಟೇ, ಮಿನರಲ್ ಆಯಿಲ್ ತಾಗಿದರೆ ಇಪಿಡಿಎಂ ಉಬ್ಬುತ್ತದೆ. ನಿಮ್ಮ ಲಿವರ್ ಅರ್ಧಕ್ಕೆ ನಿಲ್ಲುತ್ತಿರುವುದು ಒಳಗಿನ ಸೀಲು ಉಬ್ಬಿ ಸಿಲಿಂಡರಿನ ಗೋಡೆಗೆ ಬಿಗಿಯಾಗಿರುವುದರಿಂದ. ಬುಡದ ಪಸೆಯೂ ಅದೇ ಸೀಲಿನದು. ತೊಳೆದರೆ ಎಣ್ಣೆ ಹೋಗುತ್ತದೆ, ಕೆಟ್ಟ ರಬ್ಬರ್ ಮೊದಲಿನ ಹಾಗೆ ಆಗುವುದಿಲ್ಲ. ಶಿಮಾನೊ ಒಳಗಿನ ಸೀಲುಗಳನ್ನು ಬಿಡಿಯಾಗಿ ಮಾರುವುದಿಲ್ಲ. ಹಾಗಾಗಿ ಮುಂದಿನ ಲಿವರ್, ಪೈಪ್, ಕ್ಯಾಲಿಪರ್ ಮೂರೂ ಹೊಸದು ಹಾಕಿಸಿ. ಎಂಟಿ200 ಎಣ್ಣೆ ತುಂಬಿ, ಬ್ಲೀಡ್ ಆಗಿಯೇ ಸೆಟ್ ರೂಪದಲ್ಲಿ ಸಿಗುತ್ತದೆ. ಹಳೆಯ ಪೈಪನ್ನು ಉಳಿಸಿಕೊಳ್ಳುವ ಆಸೆ ಬೇಡ, ಅದರೊಳಗೂ ಡಾಟ್ ಅಂಶ ನಿಂತಿರುತ್ತದೆ.

ಒಂದು ಬ್ರೇಕಿನ ಬೆಲೆ ಹೋಯಿತು ಅನ್ನುವುದು ಬೇಸರವೇ. ಆದರೆ ಮುಂದಿನ ಬ್ರೇಕಿನಲ್ಲಿ "ಬಹುಶಃ ಹಿಡಿಯಬಹುದು" ಅನ್ನುವ ಸ್ಥಿತಿಯನ್ನು ದಯವಿಟ್ಟು ಒಪ್ಪಬೇಡಿ.

ಘಟಪ್ರಭಾ ದಂಡೆ · ಭಾನುವಾರ, ರಾತ್ರಿ 10:02

ಮೇಡಂ, ನಂದು ಸ್ರ್ಯಾಮ್ ಬ್ರೇಕ್, ಲಿವರ್ ಮ್ಯಾಲ ಡಾಟ್ 5.1 ಅಂತ ಬರದೈತಿ. ಬಾಗಲಕೋಟಿ ಅಂಗಡ್ಯಾಗ 5.1 ಸಿಗಲಿಲ್ಲ, ಡಾಟ್ 5 ತರಸಿ ಕೊಡ್ತೀನಿ ಅಂದಾರ. ನಡೀತೈತೇನ್ರಿ?

ಬಾದಾಮಿ ಕಲ್ಲುದಾರಿ · ಭಾನುವಾರ, ರಾತ್ರಿ 10:11

ಬೇಡವೇ ಬೇಡ! ಡಾಟ್ 5 ಸಿಲಿಕೋನ್ ಮೂಲದ್ದು, ಹೆಸರು ಹತ್ತಿರವಿದ್ದರೂ 5.1 ಜೊತೆ ಬೆರೆಯುವುದಿಲ್ಲ. 5.1 ಸಿಗದಿದ್ದರೆ ಡಾಟ್ 4 ಹಾಕಬಹುದು, ಎರಡೂ ಒಂದೇ ಕುಲದವು. ವ್ಯತ್ಯಾಸ ಕುದಿಯುವ ಬಿಂದುವಿನದು. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ತಾಳಬೇಕು, 5.1 ಆದರೆ 260. ನೀರಿನಂಶ ಹೀರಿಕೊಂಡ ಮೇಲೆ ಇದೇ ಲೆಕ್ಕ 155 ಮತ್ತು 180ಕ್ಕೆ ಇಳಿಯುತ್ತದೆ. ಡಾಟ್ ಎಣ್ಣೆ ಗಾಳಿಯಲ್ಲಿನ ತೇವವನ್ನು ತಾನಾಗಿ ಎಳೆದುಕೊಳ್ಳುತ್ತದೆ. ಅದಕ್ಕೇ ಯಾರೋ ಒಡೆದು ವರ್ಷಗಟ್ಟಲೆ ಇಟ್ಟ ಬಾಟಲಿಯದು ತರಬೇಡಿ, ಸೀಲ್ ಒಡೆಯದ ಸಣ್ಣ ಬಾಟಲಿ ತನ್ನಿ.

ಇನ್ನೊಂದು. ಕಂಪನಿ ಹೆಸರು ನೋಡಿ ಎಣ್ಣೆ ಊಹಿಸಬೇಡಿ. ಸ್ರ್ಯಾಮ್ ಅಂದರೆ ಡಾಟ್ ಎಂದು ಬಹಳ ವರ್ಷ ನಡೆದಿತ್ತು, ಈಗ ಅವರ ಡಿಬಿ8, ಮೇವನ್ ಬ್ರೇಕುಗಳಿಗೆ ಮಿನರಲ್ ಆಯಿಲ್. ಟೆಕ್ಟ್ರೋ, ಮಗೂರಾ ಮಿನರಲ್. ಹೋಪ್ ಡಾಟ್. ಲಿವರಿನ ಮೇಲೋ ಮುಚ್ಚಳದ ಮೇಲೋ ಅಚ್ಚಾಗಿರುವುದನ್ನು ಓದಿ, ಅದೊಂದೇ ನಂಬಿಕೆಗೆ ಅರ್ಹ.

ಹಳೇ ಪಾನಾ · ಸೋಮವಾರ, ಬೆಳಿಗ್ಗೆ 6:20

ಮೇಡಂ ಹೇಳಿದ್ದು ಅಗದಿ ಖರೇ. ಸವಾರ್ರ, ಮುಂದಿನದು ಹೊಸಾ ಸೆಟ್ ತರಸ್ರಿ. ಹಿಂದಿನದಕ್ಕ ಅವ್ರು ಏನೂ ಹಾಕಿಲ್ಲ ಅಂದ್ರ ಅದು ಬರೇ ಗಾಳಿ. ಒತ್ತಿದ್ರ ಗಟ್ಟಿ ಆಗಿ ಮತ್ತ ಮೆತ್ತಗ ಆಗೋದು ಗಾಳಿಯ ಗುಣಾನ. ಎಣ್ಣಿ ಒತ್ತಿದ್ರ ಕುಗ್ಗಂಗಿಲ್ಲ, ಗಾಳಿ ಕುಗ್ಗತೈತಿ, ನಿಮ್ಮ ಬೆರಳಿನ ಬಲ ಪ್ಯಾಡಿಗೆ ಮುಟ್ಟೋಕಿಂತ ಮೊದಲ ಆ ಗಾಳಿ ಒತ್ತೋದರಾಗ ಮುಗೀತೈತಿ. ತಲಿಕೆಳಗ ಇಟ್ಟಾಗ ಲಿವರಿನೊಳಗಿನ ಎಣ್ಣಿ ಟಾಕಿಯಾಗಿದ್ದ ಗಾಳಿ ಪೈಪಿನ್ಯಾಗ ಹೊಕ್ಕಿರತೈತಿ.

ಅದಕ್ಕ ಹಿಂದಿನ ಬ್ರೇಕ್ ಮನ್ಯಾಗ ಬ್ಲೀಡ್ ಮಾಡ್ರಿ. ನಾನು ಮಾಡೋ ಪದ್ಧತಿ ಬರೀತೀನಿ, ಸಾವಕಾಶ ಓದ್ರಿ.

ಸಾಮಾನು ಭಾಳ ಬೇಕಾಗಂಗಿಲ್ಲ. ಶಿಮಾನೊ ಮಿನರಲ್ ಆಯಿಲ್ ಸಣ್ಣ ಬಾಟಲಿ, ಲಿವರಿಗೆ ಹಾಕೋ ಫನಲ್, ಒಂದು ಸಿರಿಂಜು, ನಿಪ್ಪಲಿಗೆ (ಕ್ಯಾಲಿಪರ್ ಮ್ಯಾಲಿನ ಎಣ್ಣಿ ಬಾಯಿ) ಬಿಗಿ ಕೂಡೋ ಪಾರದರ್ಶಕ ನಳಿಗಿ, 7 ಮಿ.ಮೀ ಪಾನಾ, 2.5 ಮಿ.ಮೀ ಅಲೆನ್ ಕೀ, ಹಳದಿ ಬ್ಲೀಡ್ ಬ್ಲಾಕು (ಪ್ಯಾಡಿನ ಜಾಗಾದಾಗ ಕೂಡಸೋ ತುಂಡು), ಐಸೊಪ್ರೊಪೈಲ್ ಆಲ್ಕೊಹಾಲ್, ಹಳೇ ಬಟ್ಟಿ. ಮೆಡಿಕಲ್ ಅಂಗಡಿ ಸಿರಿಂಜು ಒಂದು ಸಲಕ್ಕ ನಡೀತೈತಿ. ಎರಡನೇ ಸಲಕ್ಕ ಅದರ ಕರಿ ರಬ್ಬರ್ ಉಬ್ಬಿ ಬಿಗಿ ಆಗತೈತಿ, ಜಗ್ಗಿದ್ರ ಬರಂಗಿಲ್ಲ.

ಮೊದಲ ಗಾಲಿ ತಗೀರಿ, ಪ್ಯಾಡ್ ತಗದು ಮನಿಯ ಇನ್ನೊಂದು ಕ್ವಾಣಿಯಾಗ ಇಡ್ರಿ. ಸುಮ್ನ ಹೇಳಾಕತ್ತಿಲ್ಲ, ಒಂದು ಹನಿ ಎಣ್ಣಿ ಪ್ಯಾಡಿಗೆ ಸಿಡಿದ್ರ ಆ ಪ್ಯಾಡ್ ಹೋದಂಗ. ಪಿಸ್ಟನ್ನು (ಪ್ಯಾಡನ್ನ ತಳ್ಳೋ ಗುಂಡಿ) ಪ್ಲಾಸ್ಟಿಕ್ ಟೈರ್ ಲಿವರಿನಿಂದ ಒಳಗ ಪೂರ್ತಿ ತಳ್ಳಿ ಬ್ಲಾಕ್ ಕೂಡಸ್ರಿ. ಸ್ಕ್ರೂಡ್ರೈವರ್ ಬ್ಯಾಡ, ಪಿಸ್ಟನ್ನಿನ ಮಾರಿ ಒಡೀತೈತಿ. ಈ ಮಾತು ಮರೀಬ್ಯಾಡ್ರಿ: ಪಿಸ್ಟನ್ ಒಳಗ ತಳ್ಳದ, ಸವೆದ ಪ್ಯಾಡ್ ಇದ್ದಾಗ ಎಣ್ಣಿ ತುಂಬಿದ್ರ, ಮುಂದ ಹೊಸಾ ಪ್ಯಾಡ್ ಹಾಕೂವಾಗ ಎಣ್ಣಿಗೆ ಜಾಗಾನ ಇರಂಗಿಲ್ಲ.

ಲಿವರಿನ ಬೋಲ್ಟ್ ಸಡಲಿಸಿ ಅದನ್ನ ನೆಲಕ್ಕ ಸಮಾಂತರ ಬರೂ ಹಂಗ ತಿರುವ್ರಿ, ಬ್ಲೀಡ್ ಸ್ಕ್ರೂ ಎಲ್ಲಕ್ಕಿಂತ ಮ್ಯಾಲ ಇರಬೇಕು. ಸ್ಕ್ರೂ ತಗದು ಫನಲ್ ಹಾಕಿ ತಳಕ್ಕ ಒಂದಿಷ್ಟು ಎಣ್ಣಿ ಹಾಕ್ರಿ. ಸಿರಿಂಜಿನ್ಯಾಗ ಎಣ್ಣಿ ತುಂಬಿ, ನಳಿಗಿಯಾಗ ಒಂದು ಗುಳ್ಳಿನೂ ಇಲ್ಲದಂಗ ಮಾಡಿ ಕ್ಯಾಲಿಪರ್ ನಿಪ್ಪಲಿಗೆ ಹಚ್ಚಿ, ನಿಪ್ಪಲ್ ಎಂಟರಾಗ ಒಂದು ಸುತ್ತು ಬಿಚ್ಚ್ರಿ. ಈಗ ಸಾವಕಾಶ ತಳ್ಳ್ರಿ. ಗಾಳಿ ಮ್ಯಾಲ ಏರೋದು ಅದರ ಸ್ವಭಾವ, ನಾವು ಕೆಳಗಿನಿಂದ ಎಣ್ಣಿ ಕಳಿಸಿ ಅದಕ್ಕ ದಾರಿ ಮಾಡಿಕೊಡಾಕತ್ತೀವಿ ಅಷ್ಟ. ಜೋರ ತಳ್ಳಿದ್ರ ದೊಡ್ಡ ಗುಳ್ಳಿ ಒಡದು ಸಣ್ಣ ಸಣ್ಣ ಆಗಿ ಗ್ವಾಡಿಗೆ ಅಂಟತಾವು. ಫನಲ್ಲಿನ್ಯಾಗ ಗುಳ್ಳಿ ಬರೋದು ನಿಂತ ಮ್ಯಾಲ ನಿಪ್ಪಲ್ ಮುಚ್ಚ್ರಿ.

ಆಮ್ಯಾಲ ಸಿರಿಂಜು ತಗದು, ನಳಿಗಿಗೆ ಖಾಲಿ ಬಾಟಲಿ ಕಟ್ಟಿ, ನಿಪ್ಪಲ್ ಮತ್ತ ಬಿಚ್ಚಿ ಮ್ಯಾಲಿನಿಂದ ಎಣ್ಣಿ ತಾನ ಇಳ್ಯಾಕ ಬಿಡ್ರಿ. ಫನಲ್ ಒಣಗಬಾರದು, ಒಣಗಿದ್ರ ಮೊದಲಿನಿಂದ ಶುರು ಮಾಡಬೇಕು. ಪೈಪಿನ ಉದ್ದಕ್ಕೂ, ಕ್ಯಾಲಿಪರಿಗೂ ಸ್ಕ್ರೂಡ್ರೈವರಿನ ಹಿಡಿಕಿಯಿಂದ ಹಗೂರಕ ತಟ್ಟ್ರಿ. ಕಡೀಕ ನಿಪ್ಪಲ್ ಮುಚ್ಚಿ, ಲಿವರ್ ಒತ್ತಿ ಹಿಡದು, ಅರ್ಧ ಸೆಕೆಂಡು ನಿಪ್ಪಲ್ ಬಿಚ್ಚಿ ಮುಚ್ಚ್ರಿ. ಹಿಂಗ ಎರಡು ಮೂರು ಸಲ. ಲಿವರ್ ಬಿಡೋದು ನಿಪ್ಪಲ್ ಮುಚ್ಚಿದ ಮ್ಯಾಲನ, ಮೊದಲ ಬಿಟ್ರ ಗಾಳಿ ವಾಪಸ್ ಎಳಕೊಂತೈತಿ. ನಿಪ್ಪಲ್ಲಿಗೆ 4ರಿಂದ 6 ನ್ಯೂಟನ್ ಮೀಟರ್ ಬಿಗಿ ಸಾಕು.

ಈಗ ಲಿವರ್ ಸಾವಕಾಶ ಒತ್ತಿ ಬಿಡ್ರಿ, ಸೈಕಲ್ಲಿನ ಮಾರಿ ಒಂಚೂರು ಎತ್ತಿ, ಒಂಚೂರು ಇಳಿಸಿ ಮತ್ತ ಒತ್ತ್ರಿ. ಲಿವರಿನ ಮೂಲ್ಯಾಗ ಕುಂತ ಕಡೀ ಗುಳ್ಳಿ ಅವಾಗ ಬರತಾವು. ಲಿವರ್ ಕಲ್ಲಿನಂಗ ಆತು ಅಂದ ಮ್ಯಾಲ ಫನಲ್ಲಿಗೆ ಬೂಚು ಹಾಕಿ ತಗದು, ಎಣ್ಣಿ ಅಂಚಿಗೆ ಉಕ್ಕಿ ನಿಂತಿರೂವಾಗನ ಸ್ಕ್ರೂ ಹಾಕ್ರಿ. ಆ ಸ್ಕ್ರೂಕ್ಕ ಅರ್ಧ ನ್ಯೂಟನ್ ಮೀಟರಿಗಿಂತ ಹೆಚ್ಚು ಬ್ಯಾಡ, ಬೆರಳಿನ ಬಲ ಅಷ್ಟ.

ಎಲ್ಲಾ ಆಲ್ಕೊಹಾಲಿನಿಂದ ಒರಸಿ, ಗಾಲಿ ಪ್ಯಾಡ್ ಹಾಕಿ, ಹತ್ತು ಸೆಕೆಂಡು ಲಿವರ್ ಜೋರ ಹಿಡದು ಎಲ್ಲೆರ ಸೋರತೈತೇನು ನೋಡ್ರಿ.

ಎರಿಮಣ್ಣು · ಸೋಮವಾರ, ಮಧ್ಯಾಹ್ನ 12:40

ಪಾನಾ ಅಣ್ಣಾರ, "ಎಣ್ಣಿಗೆ ಜಾಗಾನ ಇರಂಗಿಲ್ಲ" ಅಂದ್ರಲ್ಲ, ಅದು ಓದಿ ನನ್ನ ಎರಡು ವರ್ಷದ ಪ್ರಶ್ನಾಕ್ಕ ಉತ್ತರಾ ಸಿಕ್ತು. ನಾನು ವಿಜಯಪುರದವ. ಬ್ಯಾಸಗ್ಯಾಗ ಬಿಸಲು 40 ದಾಟತೈತಿ. ಮುಂಜಾನೆ ಸೈಕಲ್ ಹಗೂರ ಓಡತೈತಿ, ಮಧ್ಯಾಹ್ನ ಬಿಸಲಾಗ ನಿಲ್ಲಿಸಿ ಬಂದು ತುಳದ್ರ ಹಿಂದಿನ ಗಾಲಿ ಯಾರೋ ಹಿಡದಂಗ. ಗಾಲಿ ಎತ್ತಿ ತಿರುವಿದ್ರ ಎರಡು ಸುತ್ತಿಗೆ ನಿಂದ್ರತೈತಿ. ಸಂಜಿಗೆ ಮತ್ತ ಸರಿ. ರೋಟರ್ ಡೊಂಕಾಗೇತಿ ಅಂತ ಮೂರು ಸಲ ನೆಟ್ಟಗ ಮಾಡಿಸೀನಿ.

ಹಳೇ ಪಾನಾ · ಸೋಮವಾರ, ಮಧ್ಯಾಹ್ನ 1:05

ರೋಟರ್ ಡೊಂಕಿದ್ರ ಒಂದ ಜಾಗಾದಾಗ ಸುಂಯ್ ಸುಂಯ್ ಅನ್ನಬೇಕು, ಮುಂಜಾನೆನೂ ಅನ್ನಬೇಕು. ನಿಮ್ಮದು ಎಣ್ಣಿ ಹೆಚ್ಚು ತುಂಬಿದ್ದು. ಬಿಸಲಿಗೆ ಎಣ್ಣಿ ಹಿಗ್ಗತೈತಿ, ಟಾಕಿಯಾಗ ಜಾಗಾ ಇಲ್ಲ ಅಂದ್ರ ಪಿಸ್ಟನ್ನನ್ನ ಹೊರಗ ತಳ್ಳತೈತಿ. ಪ್ಯಾಡ್ ತಗದು, ಲಿವರಿಗೆ ಫನಲ್ ಹಾಕಿ, ಪಿಸ್ಟನ್ ಪೂರ್ತಿ ಒಳಗ ತಳ್ಳಿ ಬ್ಲಾಕ್ ಹಾಕ್ರಿ. ಹೆಚ್ಚಿನ ಎಣ್ಣಿ ತಾನ ಫನಲ್ಲಿಗೆ ಏರತೈತಿ. ಸ್ಕ್ರೂ ಮುಚ್ಚ್ರಿ, ಮುಗೀತು.

ಬಾದಾಮಿ ಕಲ್ಲುದಾರಿ · ಸೋಮವಾರ, ಸಂಜೆ 5:15

ಇಲ್ಲಿ ಪಿಸ್ಟನ್ನಿನ ಸೀಲಿನ ಬಗ್ಗೆ ಒಂದು ಮಾತು ಸೇರಿಸಬೇಕು ಅನಿಸಿತು. ವಿದ್ಯಾರ್ಥಿಗಳಿಗೆ ಇದನ್ನು ತೋರಿಸುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ. ಕ್ಯಾಲಿಪರಿನಲ್ಲಿ ಪಿಸ್ಟನ್ನನ್ನು ವಾಪಸ್ ಎಳೆಯಲು ಸ್ಪ್ರಿಂಗ್ ಇರುವುದಿಲ್ಲ (ಪ್ಯಾಡುಗಳ ನಡುವಿನ ತೆಳು ಸ್ಪ್ರಿಂಗ್ ಕೆಲಸ ಬೇರೆ). ಸೀಲಿನ ಅಡ್ಡಕೊಯ್ತ ದುಂಡಗಿಲ್ಲ, ಚೌಕಾಕಾರ. ಒತ್ತಿದಾಗ ಪಿಸ್ಟನ್ ಮುಂದೆ ಹೋಗುತ್ತದೆ, ಸೀಲು ಅದಕ್ಕೆ ಅಂಟಿಕೊಂಡೇ ಕೊಂಚ ತಿರುಚಿಕೊಳ್ಳುತ್ತದೆ. ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಹಿಂದಕ್ಕೆ ಎಳೆಯುತ್ತದೆ. ಪ್ಯಾಡ್ ಸವೆದಾಗ ಪಿಸ್ಟನ್ ಇನ್ನಷ್ಟು ಮುಂದೆ ಹೋಗಬೇಕು, ಆಗ ಸೀಲಿನ ಹಿಡಿತ ಜಾರಿ ಪಿಸ್ಟನ್ ಹೊಸ ಜಾಗದಲ್ಲಿ ನಿಲ್ಲುತ್ತದೆ. ಕೇಬಲ್ ಬ್ರೇಕಿನ ಹಾಗೆ ವಾರಕ್ಕೊಮ್ಮೆ ಬಿಗಿ ಮಾಡಬೇಕಿಲ್ಲದ್ದು ಇದರಿಂದ.

ಸವಾರರ ಪ್ಯಾಡುಗಳು ಬಸ್ಸಿನಲ್ಲಿ ಅಂಟಿಕೊಂಡದ್ದೂ ಇದೇ ಕಾರಣಕ್ಕೆ. ನಡುವೆ ರೋಟರ್ ಇರಲಿಲ್ಲ, ಒತ್ತಿದಷ್ಟೂ ಪಿಸ್ಟನ್ ಮುಂದೆ ಮುಂದೆ ಹೋಯಿತು. ಗಾಲಿ ತೆಗೆದ ಕೂಡಲೇ ಪ್ಯಾಡುಗಳ ನಡುವೆ ಮಡಚಿದ ರಟ್ಟು ಸಿಕ್ಕಿಸಿದ್ದರೆ ಗ್ಯಾರೇಜಿಗೆ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ.

ವಿಜಯಪುರದವರಿಗೆ ಇನ್ನೊಂದು. ಎರೆಮಣ್ಣಿನ ಧೂಳು ಪಿಸ್ಟನ್ನಿನ ಬದಿಗೆ ಕೂತರೂ ಸೀಲು ಅದನ್ನು ಎಳೆಯಲಾರದು. ಒತ್ತಿ ತಳ್ಳುವ ಮೊದಲು ಆ ಬದಿಯನ್ನು ಆಲ್ಕೊಹಾಲ್ ಹಚ್ಚಿದ ಇಯರ್ ಬಡ್‌ನಿಂದ ಒರೆಸಿ. ಕೊಳೆಯ ಸಮೇತ ಒಳಗೆ ತಳ್ಳಿದರೆ ಸೀಲಿಗೆ ಗೀರು ಬೀಳುತ್ತದೆ.

ಖಾನಾಪುರ ಕಾಡುದಾರಿ · ಸೋಮವಾರ, ರಾತ್ರಿ 9:22

ನಮ್ಮ ಕಡೆ ಧೂಳಲ್ಲ, ನೀರಿನ ಕಾಟ. ಜೂನ್‌ನಿಂದ ಕಣಕುಂಬಿ, ಜಾಂಬೋಟಿ ಕಡೆ ಮಳಿ ಹಿಡೀತು ಅಂದ್ರ ಕೆಂಪು ಕೆಸರು ಮರಳಿನ ಕಾಗದದಂಗ ಪ್ಯಾಡ್ ತಿಂತೈತಿ. ಒಂದು ಮಳಿಗಾಲದಾಗ ರೆಸಿನ್ ಪ್ಯಾಡ್ ಎರಡು ಜೋಡಿ ಮುಗಿಸೀನಿ. ಪ್ಯಾಡಿನ ಮಾಲು 0.5 ಮಿ.ಮೀ ಉಳದ್ರ ಬದಲಿಸಬೇಕು, ರೋಟರ್ 1.5 ಮಿ.ಮೀಗೆ ಇಳಿದ್ರ ಅದೂ ಬದಲಿಸಬೇಕು. ಮಳಿಗಾಲದಾಗ ನಾನು ವಾರಕ್ಕೊಮ್ಮೆ ಟಾರ್ಚ್ ಹಾಕಿ ನೋಡ್ತೀನಿ.

ಸಿಂಟರ್ಡ್ ಅಂದ್ರ ಲೋಹದ ಪ್ಯಾಡ್ ಹಾಕಿದ್ರ ಬಾಳಿಕಿ ಬರತೈತಿ ಅಂತ ಭಾಳ ಮಂದಿ ಹೇಳ್ತಾರ. ಹೌದು, ಆದ್ರ ನಿಮ್ಮ ರೋಟರ್ ಮ್ಯಾಲ ರೆಸಿನ್ ಪ್ಯಾಡ್ ಮಾತ್ರ ಅಂತ ಕೆತ್ತಿದ್ರ ಹಾಕಬ್ಯಾಡ್ರಿ, ಆ ರೋಟರಿನ ಉಕ್ಕು ಮೆತ್ತಗ ಇರತೈತಿ, ಲಗೂನ ಸವೀತೈತಿ.

ಚೋರ್ಲಾ ಘಾಟ್ ಇಳಿಯೋರಿಗೆ ನನ್ನ ಕಳಕಳಿಯ ಮಾತು: ಉದ್ದಕ್ಕೂ ಬ್ರೇಕ್ ಹಿಡಕೊಂಡ ಇಳೀಬ್ಯಾಡ್ರಿ. ತಿರುವಿಗೆ ಮೊದಲ ಎರಡೂ ಬ್ರೇಕ್ ಜೋರ ಹಿಡದು ವೇಗ ಇಳಿಸಿ, ಪೂರ್ತಿ ಬಿಡ್ರಿ. ಬಿಟ್ಟಾಗ ರೋಟರಿಗೆ ಗಾಳಿ ಹತ್ತಿ ಆರತೈತಿ. ಮಿನರಲ್ ಆಯಿಲ್ ನೀರು ಹೀರಂಗಿಲ್ಲ ಅನ್ನೋದು ಖರೇ, ಆದ್ರ ಒಳಗ ನೀರಿನ ಹನಿ ಹೊಕ್ಕಿದ್ರ ಅದು ಎಣ್ಣಿಗಿಂತ ಭಾರ, ಕ್ಯಾಲಿಪರಿನ ತಳಕ್ಕ ಕುಂದ್ರತೈತಿ. ಅಲ್ಲೇ ಹೆಚ್ಚು ಕಾವು, 100 ಡಿಗ್ರಿಗೆ ಕುದ್ದು ಆವಿ ಆತು ಅಂದ್ರ ಲಿವರ್ ಹ್ಯಾಂಡಲ್‌ಗೆ ಹೋಗತೈತಿ. ಅದಕ್ಕ ನಾನು ವರ್ಷಕ್ಕೊಮ್ಮೆ, ಮಳಿಗಾಲ ಮುಗದ ಮ್ಯಾಲ, ಎಣ್ಣಿ ಬದಲಿಸ್ತೀನಿ.

ಟಿಳಕವಾಡಿ ಸವಾರ · ಗುರುವಾರ, ರಾತ್ರಿ 10:10

ಹಿಂದಿನದು ಬ್ಲೀಡ್ ಮಾಡಿದೆ, ಮೂರು ತಾಸು ಹಿಡೀತು, ಲಿವರ್ ಇನ್ನೂ ಮೆತ್ತಗ ಐತ್ರಿ. ಬಾಟಲಿ ಅರ್ಧ ಖಾಲಿ ಆತು. ಸಿರಿಂಜಿನಿಂದ ಹಿಂದಕ್ಕ ಜಗ್ಗಿ ನೋಡಿದ್ರ ಗುಳ್ಳಿ ಬಂದ ಬರತಾವು, ನಿಂದ್ರವಲ್ವು. ಎಲ್ಲಿಂದ ಬರತಾವು ಗೊತ್ತಾಗವಲ್ದು. ಸೈಕಲ್ ಸ್ಟ್ಯಾಂಡ್ ಇಲ್ಲ, ಹಿಂದಿನ ಗಾಲಿ ತಗದು ಟೇಬಲ್ ಮ್ಯಾಲ ಒರಗಿಸಿ ಮಾಡಿದೆ.

ಹಳೇ ಪಾನಾ · ಗುರುವಾರ, ರಾತ್ರಿ 10:26

ಜಗ್ಗಿದಾಗ ಬರೋ ಆ ಗುಳ್ಳಿಗೆ ಅಂಜಬ್ಯಾಡ್ರಿ. ನಿಪ್ಪಲ್ ಬಿಚ್ಚಿದಾಗ ಅದರ ಹಲ್ಲಿನ ಸಂದಿನಿಂದ ಹೊರಗಿನ ಗಾಳಿ ನಳಿಗಿಗೆ ಬರತೈತಿ, ಬ್ರೇಕಿನ ಒಳಗಿನದಲ್ಲ. ಅದನ್ನ ಮುಗಸಾಕ ಹೋದ್ರ ಬಾಟಲಿ ಮುಗೀತೈತಿ. ಜಗ್ಗೋದು ಬ್ಯಾಡ, ತಳ್ಳೋದಷ್ಟ.

ಖರೇ ಅಡಚಣಿ ಆ ಟೇಬಲ್ಲಿನ್ಯಾಗ ಐತಿ. ಒರಗಿಸಿದಾಗ ಪೈಪು ಎಲ್ಲೋ ಮ್ಯಾಲ ಬಾಗಿ ಗುಡ್ಡ ಆಗೇತಿ, ಗುಳ್ಳಿ ಆ ಗುಡ್ಡದ ತುದ್ಯಾಗ ಕುಂತೈತಿ, ಮುಂದ ಇಳಿಯಂಗಿಲ್ಲ. ಕ್ಯಾಲಿಪರ್ ಬೋಲ್ಟ್ ಬಿಚ್ಚಿ ಫ್ರೇಮಿನಿಂದ ತಗೀರಿ. ಸೈಕಲ್ಲಿನ ಹ್ಯಾಂಡಲ್ ಮ್ಯಾಲ ಬರೂ ಹಂಗ ಕಿಟಕಿ ಸರಳಿಗೆ ಹಗ್ಗ ಹಾಕಿ ನಿಲ್ಲಸ್ರಿ. ಕ್ಯಾಲಿಪರಿನಿಂದ ಲಿವರ್ ಮಟ ಪೈಪು ಏರಕೊಂತನ ಹೋಗಬೇಕು, ಎಲ್ಲೂ ಇಳೀಬಾರದು. ಕ್ಯಾಲಿಪರನ್ನ ಕೈಯಾಗ ಹಿಡದು ಅತ್ತಾಗ ಇತ್ತಾಗ ವಾಲಿಸಿ ತಟ್ಟ್ರಿ.

ಟಿಳಕವಾಡಿ ಸವಾರ · ಶನಿವಾರ, ರಾತ್ರಿ 7:35

ಆತ್ರಿ!

ಕಿಟಕಿ ಸರಳಿಗೆ ಕಟ್ಟಿದೆ, ಕ್ಯಾಲಿಪರ್ ಬಿಚ್ಚಿ ಕೆಳಗ ತೂಗಬಿಟ್ಟೆ. ಎರಡನೇ ಸಲ ತಳ್ಳಿದಾಗ ಕಡ್ಲಿಕಾಳಿನಷ್ಟು ಒಂದ ಗುಳ್ಳಿ ಫನಲ್ಲಿಗೆ ಬಂದು ಒಡೀತು. ಅದರ ಹಿಂದ ಸಾಸವಿಯಷ್ಟು ಏಳೆಂಟು. ಆಮ್ಯಾಲ ಲಿವರ್ ಅರ್ಧಕ್ಕ ಗಟ್ಟಿ ಆಗಿ ನಿಂತಿತು. ನನ್ನ ತಂಗಿ ಮೊಬೈಲ್ ಟಾರ್ಚ್ ಹಿಡದು ನಿಂತಿದ್ಲು, ಆಕಿನ ಮೊದಲ ನೋಡಿದ್ದು. ಒಂದು ರಾತ್ರಿ ಹಂಗ ಬಿಟ್ಟು ಇವತ್ತ ಮುಂಜಾನೆ ಹಿಡದ್ರ ಅಷ್ಟ ಗಟ್ಟಿ.

ಮುಂದಿನ ಹೊಸಾ ಸೆಟ್ ನಿನ್ನೆ ಬಂತು, ಅದನ್ನೂ ಕೂಡಿಸಿದೆ. ಹಳೇ ಪ್ಯಾಡ್ ಮಾತ್ರ ಉಳಿಸಬೇಕು ಅಂತ ಐತಿ. ಲಿವರ್ ಸೋರಿದಾಗ ಒಂದು ಹನಿ ಬಿದ್ದಿರಬಹುದು, ಹಿಡದ್ರ ಹಂದಿ ಚೀರಿದಂಗ ಚೀರತಿತ್ತು. ಗ್ಯಾಸ್ ಮ್ಯಾಲ ಸುಟ್ರ ಎಣ್ಣಿ ಹೋಗತೈತಿ ಅಂತ ಒಬ್ರು ಹೇಳ್ಯಾರ. ಸುಡಲ್ಯಾ?

ಖಾನಾಪುರ ಕಾಡುದಾರಿ · ಶನಿವಾರ, ರಾತ್ರಿ 7:50

ಬ್ಯಾಡ್ರಿ. ರೆಸಿನ್ ಪ್ಯಾಡ್ ಅಂದ್ರ ಅಂಟು ಹಾಕಿ ಕೂಡಿಸಿದ ಮಾಲು, ಎಣ್ಣಿ ಆಳಕ್ಕ ಹೀರಿರತೈತಿ. ಸುಟ್ರ ಅಂಟು ಸಾಯತೈತಿ, ಮಾಲು ತಗಡಿನಿಂದ ಕಿತ್ತು ಬರಬಹುದು. ನಾನು ಒಮ್ಮೆ ಉಸುಕಿನ ಕಾಗದಕ್ಕ ತಿಕ್ಕಿ ಹಾಕಿದ್ದೆ, ಮೂರು ದಿನಕ್ಕ ಮತ್ತ ಚೀರಾಟ. ಹೊಸಾ ಜೋಡಿ ಹಾಕ್ರಿ, ರೋಟರ್ ಆಲ್ಕೊಹಾಲಿನಿಂದ ಬಟ್ಟಿ ಕಪ್ಪಾಗದ ಮಟ ಒರಸ್ರಿ. ಮತ್ತ ಚೈನಿಗೆ ಸ್ಪ್ರೇ ಹೊಡಿಯೂವಾಗ ರೋಟರಿಗೆ ಪ್ಲಾಸ್ಟಿಕ್ ಚೀಲಾ ಕಟ್ಟ್ರಿ, ಗಾಳಿಗೆ ಹಾರಿ ಬಂದು ಕುಂದ್ರತೈತಿ.

ಹಳೇ ಪಾನಾ · ಶನಿವಾರ, ರಾತ್ರಿ 8:14

ಹೊಸಾ ಪ್ಯಾಡ್ ಹಾಕಿದ ದಿನಾನ ಗಡಕ್ಕ ಹೋಗಬ್ಯಾಡ್ರಿ. ಸಪಾಟ ರಸ್ತೆದಾಗ 20 ಕಿ.ಮೀ ವೇಗಕ್ಕ ಏರಿಸಿ, ಗಾಲಿ ಲಾಕ್ ಆಗದಂಗ ಒಂದ ಸಮ ಹಿಡದು ನಡಿಗಿ ವೇಗಕ್ಕ ಇಳಿಸ್ರಿ. ಹಿಂಗ ಒಂದೊಂದು ಬ್ರೇಕಿಗೆ ಇಪ್ಪತ್ತು ಸಲ. ಪ್ಯಾಡಿನ ಮಾಲು ರೋಟರಿಗೆ ತೆಳ್ಳಗ ಬಳಕೊಂತೈತಿ, ಅವಾಗ ಹಿಡಿತ ಬರತೈತಿ. ಮೊದಲ ಐದಾರು ಸಲ ಹಿಡೀದಿದ್ರ ಗಾಬರಿ ಆಗಬ್ಯಾಡ್ರಿ.

ಎರಿಮಣ್ಣು · ಭಾನುವಾರ, ಬೆಳಿಗ್ಗೆ 11:30

ಇಲ್ಲೇ ತಿಳಸ್ತೀನಿ. ನಿನ್ನೆ ಫನಲ್ ಹಾಕಿ ಪಿಸ್ಟನ್ ಒಳಗ ತಳ್ಳಿದೆ, ಎಣ್ಣಿ ಮ್ಯಾಲ ಏರಿ ಬಂತು. ಇವತ್ತ ಎರಡು ತಾಸು ಬಿಸಲಾಗ ನಿಲ್ಲಿಸಿ ತಿರುವಿ ನೋಡಿದೆ. ಗಾಲಿ ತಾನ ತಿರಗಾಕತ್ತೈತಿ, ನಿಂದ್ರವಲ್ದು.

ಟಿಳಕವಾಡಿ ಸವಾರ · ಭಾನುವಾರ, ಸಂಜೆ 5:40

ವ್ಯಾಕ್ಸಿನ್ ಡಿಪೋ ಕಡೆ ಮಂದಿ ಕಡಿಮಿ ಇರೋ ಹೊತ್ತಿನ್ಯಾಗ ಇಪ್ಪತ್ತು ಇಪ್ಪತ್ತು ಸಲ ಹಿಡದೀನಿ. ಹತ್ತನೇ ಸಲದಿಂದ ಕಚ್ಚಾಕ ಶುರು ಆತು. ಈಗ ಒಂದ ಬೆರಳಿಗೆ ನಿಂದ್ರತೈತಿ, ಚೀರಾಟ ಇಲ್ಲ.

ಆ ಗ್ಯಾರೇಜಿನವ್ರಿಗೆ ಫೋನ್ ಮಾಡಿ ಹೇಳಿದೆ, ಬಯ್ಯಾಕಲ್ಲ. ಅವ್ರಿಗೂ ಗೊತ್ತಿರಲಿಲ್ಲ, ಭಾಳ ನೊಂದಕೊಂಡ್ರು. ಮುಂದ ಸೈಕಲ್ ಬಂದ್ರ ಲಿವರ್ ಮ್ಯಾಲ ಬರದದ್ದು ಓದೇ ಹಾಕ್ತೀನಿ ಅಂದ್ರು.

ಅರ್ಧ ಬಾಟಲಿ ಮಿನರಲ್ ಆಯಿಲ್, ಫನಲ್, ಬ್ಲಾಕ್ ನನ್ನ ಕಡೆ ಅದಾವು. ಅನಗೋಳ, ಶಹಾಪುರ, ಕ್ಯಾಂಪ್ ಕಡೆ ಯಾರಿಗೆ ಬೇಕಾದ್ರೂ ಒಯ್ರಿ. ಫನಲ್ ಮಾತ್ರ ಶಿಮಾನೊಕ್ಕ ಅಷ್ಟ, ಡಾಟ್ ಬ್ರೇಕಿಗೆ ಹಚ್ಚಿ ವಾಪಸ್ ಕೊಡಬ್ಯಾಡ್ರಿ. ಮುಂದಿನ ಭಾನುವಾರ ನಸುಕಿನ್ಯಾಗ ಐದೂವರಿಗೆ ಮತ್ತ ರಾಜಹಂಸಗಡ. ಪಾನಾ ಅಣ್ಣಾರ, ನೀವೂ ಬರಬೇಕು, ಇಳಿಯೂವಾಗ ನಾನು ನಿಮ್ಮ ಹಿಂದ ಇರ್ತೀನಿ.

ಹಳೇ ಪಾನಾ · ಭಾನುವಾರ, ಸಂಜೆ 5:58

ಬರ್ತೀನಿ. ಹತ್ತೋಕಿಂತ ಮೊದಲ ಕೆಳಗ ನಿಂತು ಇಬ್ರೂ ಎರಡೂ ಲಿವರ್ ಒತ್ತಿ ನೋಡೂಣು.